ಕರಿಯದು ಮತ್ತು ಕೆಂಬೆನ್ನಿನದು

ಕುಷ್ಟಗಿಯಲ್ಲಿ ನನ್ನ ಕಾಲು ಮುರಿದದ್ದು ಶಿವರಾತ್ರಿ ಮುಗಿದ ನಾಲ್ಕನೆಯ ದಿನ. ನನಗಾಗ ಹತ್ತೊಂಬತ್ತು ವರ್ಷ. ನಮ್ಮವರು ಅಲ್ಲಿಯ ಸರಕಾರಿ ಶಾಲೆಯಲ್ಲಿ ಮಾಸ್ತರರಾಗಿದ್ದರು. ಮನೆಯಲ್ಲಿ ಇದ್ದದ್ದು ಮೂವರೇ: ಅವರು, ಅವರ ತಾಯಿ, ನಾನು. ಬೆಳಿಗ್ಗೆ ಬಾವಿಯ ಮೆಟ್ಟಿಲು ಹತ್ತುವಾಗ ಅವಸರ ಮಾಡಿದೆ. ಯಾರೂ ಅವಸರ ಮಾಡು ಎಂದಿರಲಿಲ್ಲ. ತುಂಬಿದ ಕೊಡ ಒಂದು ಕಡೆ, ನಾನು ಒಂದು ಕಡೆ ಬಿದ್ದೆವು. ಎಡಗಾಲಿನ ಮೊಣಕಾಲಿನ ಕೆಳಗೆ ಎಲುಬು ಲಟಕ್ಕೆಂದದ್ದು ನನಗೇ ಕೇಳಿಸಿತು.

ತಾವರಗೇರಾದಿಂದ ಎಲುಬು ಕೂಡಿಸುವ ಮುದುಕನನ್ನು ಕರೆಸಿದರು. ಅವನು ಬೇರಿನ ಲೇಪ ಹಚ್ಚಿ, ಬಿದಿರಿನ ಸೀಳು ಇಟ್ಟು, ಹಳೆಯ ಧೋತರದ ಬಟ್ಟೆಯಿಂದ ಬಿಗಿದು ಕಟ್ಟಿದ. ಹೊರಡುವ ಮುಂದೆ ನನ್ನ ಮುಖ ನೋಡಿ ಹೇಳಿದ:

"ತಂಗಿ, ನಲವತ್ತೈದು ದಿನ ಈ ಕಾಲು ನಿಂದಲ್ಲ, ನಂದು. ನನ್ನ ಕೇಳದ ನೆಲಕ್ಕ ಊರಿದಿ ಅಂದ್ರ ಜೀವ ಇರೂತನಕ ಕುಂಟತಿ."

ಅವನಿಗೆ ನನ್ನ ಸ್ವಭಾವ ಹೇಗೆ ತಿಳಿಯಿತೋ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಯಲಬುರ್ಗಾದ ತವರಿನಲ್ಲಿ ಎಲ್ಲರೂ ಅನ್ನುತ್ತಿದ್ದರು. ಊಟಕ್ಕೆ ಕೂತರೂ ಎರಡು ಸಲ ಎದ್ದು ಬರುವವಳು ನಾನು. ಅಂಥವಳನ್ನು ಪಡಸಾಲೆಯ ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ ಕೂರಿಸಿದರು. ನನ್ನ ಪಾಲಿನ ಕೆಲಸವೆಲ್ಲ ಅತ್ತೆಯವರ ಮೇಲೆ ಬಿತ್ತು. ಅವರು ಒಂದು ಮಾತೂ ಆಡದೆ ನೀರು ತಂದರು, ಬೀಸಿದರು, ರೊಟ್ಟಿ ಬಡಿದರು. ಆ ಮೌನವೇ ನನಗೆ ಹೆಚ್ಚು ಕಷ್ಟವಾಗಿತ್ತು. ಅವರು ಕೊಡ ಹೊತ್ತು ಹೊಸ್ತಿಲು ದಾಟುವ ಸಪ್ಪಳ ಕೇಳಿದಾಗಲೆಲ್ಲ ನನ್ನ ಬಲಗಾಲು ತಾನಾಗಿಯೇ ನೆಲದ ಕಡೆಗೆ ಸರಿಯುತ್ತಿತ್ತು.

ಕಿಟಕಿಯ ಹೊರಗೆ ನಮ್ಮ ಹಿತ್ತಲು. ಅಲ್ಲಿ ಒಂದು ದಾಳಿಂಬೆ ಗಿಡ, ಎರಡು ದಾಸವಾಳ, ಅದರಾಚೆ ಪಕ್ಕದ ಮನೆಯವರ ಕವಳಿ ಕಂಟಿಯ ಬೇಲಿ. ಮೊದಲ ಮೂರು ದಿನ ನಾನು ಏನನ್ನೂ ನೋಡಲಿಲ್ಲ. ನಾಲ್ಕನೆಯ ದಿನ ದಾಳಿಂಬೆ ಹೂವಿನಲ್ಲಿ ಒಂದು ಕರಿಯ ಹಕ್ಕಿ ಕೊಕ್ಕು ತೂರಿಸಿದ್ದನ್ನು ಕಂಡೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ನೆರಳಿನಲ್ಲಿ ಇದ್ದಿಲಿನ ತುಂಡಿನಂತೆ ಇತ್ತು. ಬಿಸಿಲಿಗೆ ಹೊರಳಿದ ಕ್ಷಣ ನವಿಲಿನ ಕುತ್ತಿಗೆಯ ಬಣ್ಣ ಅದರ ಮೈಮೇಲೆಲ್ಲ ಹರಿದಾಡಿತು. ಕೊಕ್ಕು ಸೂಜಿಯಷ್ಟು ಸಣ್ಣ, ತುದಿಯಲ್ಲಿ ಬಾಗಿದ್ದು. ಒಂದು ಹೂವಿನಲ್ಲಿ ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ನಮ್ಮ ಕಡೆ ಇದಕ್ಕೆ ಹೂವಿನ ಗುಬ್ಬಿ ಅನ್ನುತ್ತಿದ್ದರು. ಪುಸ್ತಕದಲ್ಲಿ ಸೂರಕ್ಕಿ ಎಂದು ಬರೆಯುತ್ತಾರೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಮರುದಿನದಿಂದ ನಾನು ಬೆಳಕು ಹರಿಯುವುದನ್ನೇ ಕಾಯತೊಡಗಿದೆ. ಆಗ ತಿಳಿಯಿತು, ಕರಿಯದು ಒಂದೇ ಅಲ್ಲ. ಅಷ್ಟೇ ಗಾತ್ರದ, ಅಂಥದೇ ಕೊಕ್ಕಿನ ಇನ್ನೊಂದು ಗಂಡು ಬರುತ್ತಿತ್ತು. ಅದರ ಬೆನ್ನು ಬಲಿತ ಬೋರೆಹಣ್ಣಿನ ಕೆಂಪು, ನೆತ್ತಿ ಹಸಿರು, ಗಂಟಲು ನೇರಳೆ, ಹೊಟ್ಟೆ ಅರಿಷಿಣ. ಇವೆರಡೂ ಒಂದೇ ಹೊತ್ತಿಗೆ ಗಿಡಕ್ಕೆ ಬಂದರೆ ಕೆಂಬೆನ್ನಿನದು ಕರಿಯದನ್ನು ಅಟ್ಟುತ್ತಿತ್ತು. ಕರಿಯದು ದಾಸವಾಳಕ್ಕೆ ಹೋಗಿ, ಅಲ್ಲಿ ಕುಳಿತು ಚಿವಿಟ್ ಚಿವಿಟ್ ಎಂದು ಬಯ್ದು, ತಿರುಗಿ ಬರುತ್ತಿತ್ತು. ದಿನಕ್ಕೆ ಎಷ್ಟು ಸಲವೋ.

ಆಗ ನಮ್ಮವರು ಶಾಲೆಗಾಗಿ ಊರ ಹಕ್ಕಿಗಳ ಒಂದು ಚಿತ್ರಪಟ ಬರೆಯುತ್ತಿದ್ದರು. ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ಅಂಟು ಹಚ್ಚಿ ಜೋಡಿಸಿ ದೊಡ್ಡ ಹಾಳೆ ಮಾಡಿದ್ದರು. ಅವರ ಕೈ ಬಹಳ ಚೆನ್ನಾಗಿತ್ತು. ಗೊರವಂಕ, ಬೆಳವ, ಟಿಟ್ಟಿಭ ಎಲ್ಲ ಜೀವ ಬಂದ ಹಾಗಿದ್ದವು. ಸಂಜೆ ನನ್ನ ಹಾಸಿಗೆಯ ಪಕ್ಕದಲ್ಲೇ ಹಾಳೆ ಹರಡಿಕೊಂಡು ಕೂರುತ್ತಿದ್ದರು. ಒಂದು ಸಂಜೆ ಹೂವಿನ ಗುಬ್ಬಿಯ ಸರದಿ ಬಂತು. ಕೆಂಬೆನ್ನಿನದನ್ನು ಬರೆದು, ಅದರ ಮುಂದೆ ಕರಿಯದನ್ನು ಬರೆದು, ಎರಡಕ್ಕೂ ಸೇರಿಸಿ ಒಂದೇ ಹೆಸರು ಹಾಕಿದರು.

"ಇವೆರಡೂ ಬ್ಯಾರೆ ಬ್ಯಾರೆ ಅದಾವ್ರಿ" ಅಂದೆ.

ಅವರು ಕುಂಚ ತೊಳೆಯುತ್ತ, "ಅಲ್ಲ. ಕೆಂಪು ಬೆನ್ನಿಂದು ಹರೇದ್ದು, ಕರೇದು ವಯಸ್ಸಾದ್ದು. ದಿನ ಕಳದಂಗ ಬಣ್ಣ ಬದಲಾಗತೈತಿ" ಅಂದರು.

"ನೀವು ನೋಡೀರೇನು, ಬದಲಾಗೂದು?"

"ಎಲ್ಲಾ ನೋಡೇ ತಿಳಕೋಬೇಕೇನು? ಕೊಕ್ಕು ಒಂದ, ಗಾತ್ರ ಒಂದ, ತಿನ್ನೂದು ಒಂದ. ಮತ್ತ ಎರಡು ಹ್ಯಾಂಗ ಆದಾವು?"

ಅವರು ಶಾಂತವಾಗಿಯೇ ಹೇಳಿದ್ದರು. ಆದರೆ ನನಗೆ ಅಂದು ಊಟ ಸೇರಲಿಲ್ಲ. ದಿನವಿಡೀ ನೋಡುವವಳು ನಾನು, ಹೆಸರು ಹಾಕುವವರು ಅವರು. ಆದರೂ ಅವರ ಮಾತನ್ನು ಮುರಿಯಲು ನನ್ನ ಬಳಿ ಏನಿತ್ತು? ಜಗಳವಾಡುವ ಎರಡು ಹಕ್ಕಿ, ಅಷ್ಟೆ. ಹರೆಯದವೂ ವಯಸ್ಸಾದವೂ ಜಗಳವಾಡುವುದಿಲ್ಲವೇ?

ಆಗ ಹೆಣ್ಣುಗಳ ಕಡೆಗೆ ನೋಡಲು ಶುರುಮಾಡಿದೆ. ಹೆಣ್ಣಿಗೆ ಬಣ್ಣದ ಸಂಭ್ರಮವಿಲ್ಲ, ಆದ್ದರಿಂದ ಯಾರೂ ನೋಡುವುದಿಲ್ಲ. ನಮ್ಮ ಸೂರಿನಿಂದ ಇಳಿಬಿದ್ದ ಹಳೆಯ ಹಗ್ಗದ ತುದಿಗೆ ಒಂದು ಹೆಣ್ಣು ಗೂಡು ಕಟ್ಟುತ್ತಿತ್ತು. ನಾರು, ಒಣ ಹುಲ್ಲು, ತೊಗಟೆಯ ಚೂರು, ಇವನ್ನೆಲ್ಲ ಜೇಡರ ಬಲೆಯ ಎಳೆಯಿಂದ ಹೊಲಿದ ಹಾಗೆ ಕಟ್ಟಿ, ಸಣ್ಣ ಚೀಲದಂತೆ ತೂಗಬಿಟ್ಟಿತ್ತು. ಬಾಗಿಲು ಮಗ್ಗುಲಿಗೆ, ಬಾಗಿಲ ಮೇಲೆ ಒಂದು ಪುಟ್ಟ ಮುಂಚಾಚು. ದೂರದಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ. ಆ ಹೆಣ್ಣಿನ ಗಂಟಲು ಬೂದಿಬಿಳುಪು, ಎದೆಯಿಂದ ಕೆಳಗೆ ಹಳದಿ. ಅದರ ಹಿಂದೆ ಸುಳಿಯುತ್ತಿದ್ದದ್ದು ಕೆಂಬೆನ್ನಿನ ಗಂಡು.

ಕರಿಯದರ ಜೊತೆ ಬರುತ್ತಿದ್ದ ಹೆಣ್ಣು ಬೇರೆ. ಅದಕ್ಕೆ ಗಂಟಲಿನಿಂದಲೇ ಮಾಸಲು ಹಳದಿ, ಬಿಳುಪಿಲ್ಲ. ನನಗೆ ಹಾಗೆ ಅನ್ನಿಸಿತ್ತು. ಆದರೆ ಅವು ಕವಳಿ ಬೇಲಿಯ ಒಳಗೆ ಹೋಗಿಬಿಡುತ್ತಿದ್ದವು. ಗೂಡು ಅಲ್ಲೇ ಇರಬೇಕು. ಕಿಟಕಿಯಿಂದ ಕಾಣುವುದಿಲ್ಲ.

ಅತ್ತೆಯವರನ್ನು ಕೇಳಿದೆ: "ಅತ್ತಿ, ಬೇಲ್ಯಾಗ ಗೂಡು ಐತೇನು, ಚೂರು ನೋಡಿ ಹೇಳ್ರಿ."

"ನನಗ ಒಲಿ ನೋಡೂದ ಆಗವಲ್ದು, ನಿನ್ನ ಗೂಡು ನೋಡಲೇನು?" ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ಮೂವತ್ತೆಂಟನೆಯ ದಿನ ಮಧ್ಯಾಹ್ನ ಅತ್ತೆಯವರು ಹಿಟ್ಟು ಜರಡಿ ಹಿಡಿಯಲು ಪಕ್ಕದ ಮನೆಗೆ ಹೋಗಿದ್ದರು. ಬೇಲಿಯ ಒಳಗಿಂದ ಮರಿಗಳ ದನಿ ಕೇಳುತ್ತಿತ್ತು. ಇನ್ನು ನಾಲ್ಕು ದಿನ ಬಿಟ್ಟರೆ ಅವು ಹಾರಿಹೋಗುತ್ತವೆ, ಆಮೇಲೆ ನಾನು ಎದ್ದೇನು ಪ್ರಯೋಜನ ಎಂಬುದೊಂದೇ ಯೋಚನೆ ತಲೆಯಲ್ಲಿ ಗುಂಗಿಹುಳದ ಹಾಗೆ ತಿರುಗುತ್ತಿತ್ತು. ಗೋಡೆ ಹಿಡಿದು ಎದ್ದೆ. ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಹಿತ್ತಲ ಬಾಗಿಲು ದಾಟಿದೆ. ದಾಸವಾಳದ ಹತ್ತಿರ ಜೋಲಿ ತಪ್ಪಿ ಎಡಗಾಲು ಊರಿಬಿಟ್ಟೆ. ನೋವು ಸೊಂಟದವರೆಗೆ ಏರಿತು. ಆದರೆ ಬೇಲಿ ಅಲ್ಲಿಂದ ಮೂರೇ ಹೆಜ್ಜೆ. ಹೋದೆ.

ಮೊಣಕಾಲೆತ್ತರದಲ್ಲಿ, ಮುಳ್ಳಿನ ನಡುವೆ ಗೂಡು ತೂಗುತ್ತಿತ್ತು. ನಾನು ನೆಲಕ್ಕೆ ಕುಳಿತೆ. ಎಷ್ಟು ಹೊತ್ತು ಕುಳಿತೆನೋ. ಮಾಸಲು ಹಳದಿಯ ಹೆಣ್ಣು ಬಂತು, ಬಾಯಲ್ಲಿ ಜೇಡ. ಗಂಟಲಲ್ಲಿ ಒಂದು ಎಳೆ ಬಿಳುಪೂ ಇರಲಿಲ್ಲ. ಅದು ಹೋದ ಮೇಲೆ ಕರಿಯ ಗಂಡು ಬಂದು ಎರಡು ಮರಿಗಳಿಗೂ ತಿನ್ನಿಸಿತು. ನನ್ನ ಮುಖದಿಂದ ಒಂದು ಮಾರು ದೂರ. ಹಾಗಾದರೆ ಇವುಗಳ ಸಂಸಾರವೇ ಬೇರೆ. ಗಂಡು ಬೇರೆ, ಹೆಣ್ಣು ಬೇರೆ, ಗೂಡಿನ ಜಾಗ ಬೇರೆ.

ಅತ್ತೆಯವರು ಬಂದಾಗ ನಾನು ಅಲ್ಲೇ ಇದ್ದೆ, ಎದ್ದು ನಿಲ್ಲಲಾಗದೆ. ಅವರು ಬಯ್ಯಲಿಲ್ಲ. ಕಂಕುಳಲ್ಲಿ ಕೈ ಹಾಕಿ ಎತ್ತಿದರು. ಒಳಗೆ ಕೂರಿಸಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಏನ ಕಂಡಿ ಅಂತಾದ್ದು?" ಎಂದು ಕೇಳಿದರು. ಹೇಳಿದೆ. "ಇಷ್ಟಕ್ಕ?" ಅಂದರು.

ಎಲುಬಿನ ಮುದುಕ ಮತ್ತೆ ಬಂದ. ಕಟ್ಟು ಬಿಚ್ಚಿ ಬೆರಳಾಡಿಸಿ ನೋಡಿ, "ಕೂಡೇತಿ. ಆದ್ರ ಸೊಟ್ಟ ಕೂಡೇತಿ. ನಾ ಹೇಳಿದ್ದೆ" ಅಂದ. ಇಂದಿಗೂ ನನ್ನ ಎಡ ಹೆಜ್ಜೆ ಬಲ ಹೆಜ್ಜೆಗಿಂತ ಚಿಕ್ಕದು.

ನಮ್ಮವರಿಗೆ ಎಲ್ಲ ಹೇಳಿದೆ. ಕಾಲಿನ ಸಿಟ್ಟಿನಲ್ಲಿ ಅವರು ಹಕ್ಕಿಯ ವಿಷಯ ಸರಿಯಾಗಿ ಕೇಳಲೇ ಇಲ್ಲ. ಪಟ ಹಾಗೆಯೇ ಶಾಲೆಯ ಗೋಡೆ ಸೇರಿತು.

ಮಳೆಗಾಲ ಬಂತು. ನಾನು ಕುಂಟುತ್ತಲೇ ನೀರು ತರುತ್ತಿದ್ದೆ. ಭಾದ್ರಪದದ ಹೊತ್ತಿಗೆ ಹಿತ್ತಲಲ್ಲಿ ಒಂದೂ ಕರಿಯ ಹಕ್ಕಿ ಇರಲಿಲ್ಲ. ಕೆಂಬೆನ್ನಿನವು ಇದ್ದವು, ಅದೇ ಬಣ್ಣ, ಅದೇ ಜಗಳಗಂಟತನ. ಕರಿಯವು ಎಲ್ಲಿ ಹೋದವು? ಅವುಗಳ ಬದಲು ಹೊಸದೊಂದು ಬರುತ್ತಿತ್ತು: ಹೆಣ್ಣಿನ ಹಾಗೆ ಮೇಲೆ ಕಂದು, ಕೆಳಗೆ ಹಳದಿ, ಆದರೆ ಗದ್ದದಿಂದ ಹೊಟ್ಟೆಯವರೆಗೆ ನಡುವೆ ಒಂದು ಕರಿಯ ಪಟ್ಟೆ. ಇದು ಮೂರನೆಯ ಜಾತಿ ಎಂದು ನಾನು ನಿಶ್ಚಯಿಸಿದೆ. ನನ್ನ ಮಟ್ಟಿಗೆ ಒಮ್ಮೆ ಗೆದ್ದಿದ್ದೆನಲ್ಲ, ಧೈರ್ಯ ಬಂದಿತ್ತು.

"ಈಗ ಮೂರು ಆದುವೇನು? ಸಂಕ್ರಾಂತಿಯೊಳಗ ಹತ್ತು ಮಾಡ್ತಿ ನೀ" ಎಂದು ನಮ್ಮವರು ನಕ್ಕರು.

ಕಾರ್ತಿಕದಲ್ಲಿ ಶಾಲೆ ನೋಡಲು ತಪಾಸಣೆಯ ಸಾಹೇಬರು ಬಂದರು. ವಯಸ್ಸಾದವರು, ಶೇರವಾನಿ ಹಾಕಿದವರು, ಊರೂರು ತಿರುಗಿ ನಮ್ಮ ಮಾತು ಚೆನ್ನಾಗಿ ಕಲಿತಿದ್ದರು. ಗೋಡೆಯ ಪಟದ ಮುಂದೆ ಬಹಳ ಹೊತ್ತು ನಿಂತರಂತೆ. ಅವರಿಗೂ ಹಕ್ಕಿಯ ಹುಚ್ಚು, ಕೊರಳಲ್ಲಿ ಸದಾ ಒಂದು ದುರ್ಬೀನು. ನಮ್ಮ ಹಿತ್ತಲಲ್ಲೇ ಹೂವಿನ ಗುಬ್ಬಿ ಇವೆ ಎಂದು ನಮ್ಮವರು ಹೇಳಿದಾಗ, ಮರುದಿನ ಬೆಳಿಗ್ಗೆ ಬರುತ್ತೇನೆಂದರು. ಬಂದರು. ಹಿತ್ತಲ ಕಟ್ಟೆಯ ಮೇಲೆ ಜಮಖಾನೆ ಹಾಸಿ ಕೂರಿಸಿದೆವು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ.

ನಮ್ಮವರು ಹೇಳತೊಡಗಿದರು, ಕೆಂಪು ಬೆನ್ನಿಂದು ಬೆಳೆದು ಕರಿಯದಾಗುತ್ತದೆ, ಈಗ ಚಳಿಗಾಲ, ಹೊಸ ಮರಿಗಳ ಕಾಲ, ಆದ್ದರಿಂದ ಕರಿಯವು ಕಾಣುವುದಿಲ್ಲ. ನನ್ನ ಕೈಯಲ್ಲಿ ಚಹದ ತಟ್ಟೆ ಇತ್ತು. ಬಾಯಿ ಮುಚ್ಚಿಕೊಂಡಿರಬೇಕೆಂದು ನನಗೆ ಗೊತ್ತಿತ್ತು. ಆದರೂ ಮಾತು ಹೊರಬಿತ್ತು.

"ಹಂಗಲ್ರಿ. ಎರಡಕ್ಕೂ ಹೆಣ್ಣು ಬ್ಯಾರೆ ಅದಾವು."

ಒಲೆಯ ಮುಂದಿದ್ದ ಅತ್ತೆಯವರು ನನ್ನ ಸೆರಗು ಹಿಡಿದು ಜಗ್ಗಿದರು.

"ಯಾರು ಹೇಳಿದ್ದು?" ಎಂದು ಸಾಹೇಬರು ಕೇಳಿದರು.

"ನಮ್ಮ ಮನಿಯವರ್ರಿ. ಅಕಿಗೇನ ತಿಳೀತೈತಿ, ಬಿಡ್ರಿ" ಅಂದರು ನಮ್ಮವರು.

"ಬಿಡೂದು ಹ್ಯಾಂಗ ಮಾಸ್ತರ? ಅಮ್ಮಾ, ನೀವು ಹೊರಗ ಬರೂದು ಬ್ಯಾಡ. ಅಲ್ಲೇ ನಿಂತು ಹೇಳ್ರಿ. ಹೆಣ್ಣು ಬ್ಯಾರೆ ಅಂತ ಹ್ಯಾಂಗ ಅಂತೀರಿ?"

ಹೇಳಿದೆ. ಬಿಳಿ ಗಂಟಲು, ಹಳದಿ ಗಂಟಲು, ಸೂರಿನ ಗೂಡು, ಬೇಲಿಯ ಗೂಡು, ಮರಿಗೆ ತಿನ್ನಿಸಿದ್ದು. ಹೇಳುತ್ತ ಹೇಳುತ್ತ ದನಿ ಗಟ್ಟಿಯಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಮೂರನೇದೂ ಒಂದು ಐತ್ರಿ, ಕರೇ ಪಟ್ಟೀದು" ಅಂದೆ.

ಸಾಹೇಬರು ದುರ್ಬೀನು ಹಿಡಿದು ದಾಸವಾಳದ ಕಡೆ ನೋಡಿದರು. ಪಟ್ಟೆಯದು ಅಲ್ಲೇ ಇತ್ತು. ನೋಡಿ ಕೆಳಗಿಟ್ಟು, ಮೆಲ್ಲಗೆ ಹೇಳಿದರು: "ಎರಡು ಅಂದಿರಲ್ಲ, ಅದು ಖರೆ. ನಾನೂ ಹಂಗ ನೋಡೀನಿ. ಮೂರನೇದಕ್ಕ ಅವಸರ ಮಾಡಬ್ಯಾಡ್ರಿ. ಈ ಪಟ್ಟಿ ಹಕ್ಕಿ ಮಾಘದಾಗ ಎಲ್ಲಿ ಹೋಗತೈತಿ, ಅದನ್ನ ನೋಡ್ರಿ. ನೋಡಿ ನನಗ ಒಂದು ಖತ್ ಬರೀರಿ."

ಅವರು ಹೋದ ಮೇಲೆ ನಮ್ಮವರು ಮಾತಾಡಲಿಲ್ಲ. ಅಂದು ಮಾತ್ರವಲ್ಲ, ಹನ್ನೆರಡು ದಿನ. ನೀರು ಬೇಕಾದರೆ ತಾಯಿಯನ್ನು ಕೇಳುತ್ತಿದ್ದರು. ಶಾಲೆಯ ಗೋಡೆಯಿಂದ ಪಟ ಬಿಚ್ಚಿ ತಂದು ಸುತ್ತಿ ಅಟ್ಟದ ಮೇಲಿಟ್ಟರು. ನಾನು ಮನೆಯ ಒಳಗೂ ಹೊರಗೂ ಸುತ್ತಿದೆ, ತೊಳೆದ ಪಾತ್ರೆ ಮತ್ತೆ ತೊಳೆದೆ. ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ, ಏಕೆಂದರೆ ಹೇಳಿದ್ದು ತಪ್ಪಾಗಿರಲಿಲ್ಲ. ಹೇಳಿದ ಜಾಗ ತಪ್ಪಾಗಿತ್ತು. ಇವೆರಡನ್ನು ಬೇರೆ ಮಾಡಿ ಹೇಗೆ ಹೇಳಬೇಕೋ ಆ ವಯಸ್ಸಿಗೆ ತಿಳಿಯಲಿಲ್ಲ.

ಹದಿಮೂರನೆಯ ದಿನ ಗಂಗಾವತಿಗೆ ವರ್ಗವಾದ ಹುಕುಂ ಬಂತು. ನನ್ನ ಬಾಯಿಯಿಂದಲೇ ಇದಾಯಿತೆಂದು ಅತ್ತೆಯವರು ನಂಬಿದರು. ನಾನೂ ನಂಬಿದೆ. ಪೆಟ್ರೋಲು ಸಿಗದ ಆ ಕಾಲದ ಇದ್ದಿಲಿನ ಬಸ್ಸಿನಲ್ಲಿ ಗಂಟುಮೂಟೆ ಏರಿಸಿಕೊಂಡು ಹೊರಟಾಗ, ಪಟ್ಟೆಯ ಹಕ್ಕಿ ಆ ಹಿತ್ತಲಲ್ಲೇ ಉಳಿಯಿತಲ್ಲ ಎಂಬುದು ನನ್ನನ್ನು ಕೊರೆಯುತ್ತಿತ್ತು. ಮಾಘಕ್ಕೆ ಇನ್ನು ಎರಡು ತಿಂಗಳು.

ಗಂಗಾವತಿಯ ಬಾಡಿಗೆ ಮನೆಗೆ ಹಿತ್ತಲೇ ಇರಲಿಲ್ಲ. ಎದುರಿಗೆ ಅಕ್ಕಿಯ ಅಂಗಡಿಗಳ ಸಾಲು, ಹಿಂದೆ ಗೋಡೆ. ನಾನು ದಿನಕ್ಕೆ ಹತ್ತು ಸಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ನೆರೆಯ ತೆಲುಗಿನ ಹೆಂಗಸು ನಾನು ಯಾರನ್ನೋ ಕಾಯುತ್ತಿದ್ದೇನೆಂದು ತಿಳಿದು ಕನಿಕರಪಡುತ್ತಿದ್ದಳು. ಪುಷ್ಯ ಕಳೆಯಿತು. ಮಾಘ ಬಂದು ಒಂದು ವಾರವಾಯಿತು. ಒಂದು ಭಾನುವಾರ ನಮ್ಮವರು ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ ಅಂದರು:

"ಸಾಣಾಪುರದಾಗ ನಮ್ಮ ಸಾಲಿ ಮಾಸ್ತರೊಬ್ಬರ ಬಾಳಿ ತ್ವಾಟ ಐತಿ. ಗಾಡಿ ಹೊಂಟೈತಿ. ಬರ್ತೀಯೇನು?"

ನಾನು ಒಲೆಯ ಮೇಲಿನ ಹಂಚು ಇಳಿಸಿ ಹಾಗೆಯೇ ಹೊರಟೆ.

ತೋಟ ಬಂಡೆಗಳ ನಡುವೆ ಇತ್ತು. ಬಾಳೆಯ ಹೂವಿನ ಮೋತೆ ಇಳಿದ ಕಡೆಯಲ್ಲೆಲ್ಲ ಹೂವಿನ ಗುಬ್ಬಿಗಳು ತೂಗುತ್ತಿದ್ದವು. ಕೆಂಬೆನ್ನಿನವು ಎರಡು. ಪಟ್ಟೆಯದು ಒಂದು, ದೂರದಲ್ಲಿ. ಅದರ ಹಿಂದೆ ಹೋದೆ. ಬಂಡೆಯ ಮೇಲೆ ನನ್ನ ಕುಂಟು ಕಾಲು ಜಾರುವುದನ್ನು ಕಂಡು ನಮ್ಮವರು ಮುಂದೆ ಬಂದು ಕೈ ಕೊಟ್ಟರು. ಹಾಗೆ ಕೈ ಹಿಡಿದುಕೊಂಡೇ ಇಬ್ಬರೂ ನಿಂತೆವು. ಆಗ ಅದು ಹತ್ತಿರದ ಮೋತೆಗೆ ಬಂದು ಬಿಸಿಲಿಗೆ ತಿರುಗಿತು.

ಪಟ್ಟೆ ಪಟ್ಟೆಯಾಗಿ ಉಳಿದಿರಲಿಲ್ಲ. ಅರ್ಧ ಎದೆ ಕರಿದಾಗಿತ್ತು. ಹೆಗಲ ಮೇಲೆ ಒಂದು ತೇಪೆ, ತಲೆಯ ಮೇಲೆ ಇನ್ನೊಂದು, ಅವುಗಳಲ್ಲಿ ಅದೇ ನವಿಲಿನ ಮಿಂಚು. ಉಳಿದ ಕಡೆ ಇನ್ನೂ ಕಂದು, ಹಳದಿ. ಬಣ್ಣದ ಬಾನಿಯಿಂದ ಪೂರಾ ಅದ್ದದೆ ಎತ್ತಿದ ಬಟ್ಟೆಯ ಹಾಗೆ. ನನ್ನ ಮೂರನೆಯ ಜಾತಿ ನನ್ನ ಕಣ್ಣೆದುರಿಗೇ ಕರಿಯದಾಗುತ್ತಿತ್ತು. ಮಳೆಗಾಲ ಮುಗಿಯುವಾಗ ಕರಿ ಬಣ್ಣ ಕಳಚಿ ಹೆಣ್ಣಿನ ಹಾಗಾಗುವುದು, ಚಳಿ ಕಳೆಯುವಾಗ ಮತ್ತೆ ಕರಿಯದಾಗುವುದು ಆ ಜಾತಿಯ ಗಂಡಿನ ರೀತಿ. ಕೆಂಬೆನ್ನಿನದು ಹಾಗಲ್ಲ, ವರ್ಷವಿಡೀ ಒಂದೇ ಬಣ್ಣ.

ನಾಚಿಕೆಯಾಗಿತ್ತು. ಬಾಗಿಲ ಹಿಂದೆ ನಿಂತು ಅಷ್ಟು ದೊಡ್ಡ ದನಿಯಲ್ಲಿ ಹೇಳಿದ್ದೆನಲ್ಲ.

ಕಡೆಗೆ ಅಂದೆ: "ಬಣ್ಣ ಬದಲಾಗತೈತಿ ಅಂದಿದ್ರಿ. ಅದು ಖರೆ ಐತ್ರಿ."

"ಎರಡೂ ಒಂದ ಅಂದಿದ್ದೆ. ಅದು ಸುಳ್ಳು" ಅಂದರು ಅವರು. ನನ್ನ ಕೈ ಬಿಡದೆಯೇ, "ನಿನ್ನ ಕಾಲಿನ ಸಿಟ್ಟಿಲೆ ನಾ ಕೇಳಲಿಲ್ಲ. ಅವತ್ತ ಕೇಳಿದ್ರ ಸಾಹೇಬರ ಮುಂದ ಹಂಗ ಆಗತಿರಲಿಲ್ಲ" ಅಂದರು.

ಗಂಗಾವತಿಗೆ ಮರಳಿದ ಮೇಲೆ, ಕುಷ್ಟಗಿಯಿಂದ ಸುತ್ತಿ ತಂದಿದ್ದ ಪಟ ಬಿಚ್ಚಿದರು. ಹೂವಿನ ಗುಬ್ಬಿಯ ಜಾಗಕ್ಕೆ ಹೊಸ ಕಾಗದ ಅಂಟಿಸಿ ಐದು ಚಿತ್ರ ಬರೆದರು: ಎರಡು ಗಂಡು, ಎರಡು ಹೆಣ್ಣು, ಕೆಳಗೆ ಬಣ್ಣ ಬದಲಾಗುತ್ತಿರುವ ಕರಿಯದು. ಹೆಣ್ಣುಗಳ ಗಂಟಲಿನ ಬಣ್ಣ ನಾನು ಪಕ್ಕದಲ್ಲಿ ಕೂತು ಹೇಳಿದೆ, ಮೂರು ಸಲ ತಿದ್ದಿಸಿದೆ. ಸಾಹೇಬರಿಗೆ ಕಾಗದವನ್ನು ನಾನೇ ಕನ್ನಡದಲ್ಲಿ ಬರೆದೆ, ವಿಳಾಸ ಅವರು ಉರ್ದುವಿನಲ್ಲಿ ಬರೆದರು. ಮೂರನೆಯದು ನನ್ನ ತಪ್ಪು ಎಂದು ಮೊದಲ ಸಾಲಿನಲ್ಲೇ ಹೇಳಿದ್ದೆ. ವರ್ಗವಾದದ್ದು ನನ್ನ ಮಾತಿನಿಂದಲೇ ಏನು ಎಂದು ಕೊನೆಯಲ್ಲಿ ಕೇಳಿದ್ದೆ.

ಉತ್ತರಕ್ಕಾಗಿ ಟಪಾಲಿನವನ ದಾರಿಯನ್ನು ಎರಡು ತಿಂಗಳು ಕಾದೆ. ಬಂದಾಗ ಉರ್ದುವಿನಲ್ಲಿತ್ತು. ನಮ್ಮವರು ಓದಿ ಹೇಳಿದರು. ನಾನೂ ಎಷ್ಟೋ ವರ್ಷ ಪಟ್ಟೆಯದನ್ನು ಬೇರೆ ಜಾತಿ ಎಂದೇ ತಿಳಿದಿದ್ದೆ, ನೀವು ಒಂದೇ ವರ್ಷದಲ್ಲಿ ತಿದ್ದಿಕೊಂಡಿರಿ ಎಂದು ಬರೆದಿದ್ದರು. ವರ್ಗವಾದ ವಿಷಯದಲ್ಲಿ ತನ್ನ ಕೈ ಏನೂ ಇರಲಿಲ್ಲ, ವರ್ಗಾವಣೆಯ ಯಾದಿ ತಾನು ಕುಷ್ಟಗಿಗೆ ಬರುವ ಮೊದಲೇ ಆಗಿತ್ತು ಎಂದೂ ಇತ್ತು. ಅದನ್ನು ಅತ್ತೆಯವರಿಗೆ ಎರಡು ಸಲ ಓದಿಸಿ ಕೇಳಿಸಿದೆ. ಕೊನೆಯಲ್ಲಿ ಒಂದು ಪ್ರಶ್ನೆ: ಪಶ್ಚಿಮದ ಕಡೆ ಘಟ್ಟದ ಬುಡದಲ್ಲಿ ಇದರಂಥದೇ ಕರಿಯದೊಂದನ್ನು ಕಂಡಿದ್ದೇನೆ, ಕೊಕ್ಕು ಮಾತ್ರ ಬಹಳ ಉದ್ದ, ಬಹಳ ಬಾಗಿದ್ದು, ನಿಮ್ಮ ಕಡೆ ಅಂಥದು ಇದೆಯೇ?

ಇಲ್ಲ, ಆದರೆ ನೋಡುತ್ತೇನೆ ಎಂದು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ನಾಡಿನಲ್ಲಿ ಹಳೆಯ ಆಳ್ವಿಕೆ ಹೋಗಿ ಹೊಸದು ಬಂತು, ನೌಕರರು ಎಲ್ಲೆಲ್ಲಿಗೋ ಹೋದರು. ಸಾಹೇಬರು ಎಲ್ಲಿದ್ದಾರೆಂದು ನಮ್ಮವರು ಇಬ್ಬರು ಮೂವರನ್ನು ಕೇಳಿದರು. ಒಬ್ಬರು ಪೆನ್ಶನ್ ಆಗಿ ಔರಂಗಾಬಾದಿಗೆ ಹೋದರೆಂದರು, ಇನ್ನೊಬ್ಬರು ತೀರಿಕೊಂಡರೆಂದರು.

ಬಹಳ ಕಾಲದ ಮೇಲೆ, ಕೊಪ್ಪಳದಲ್ಲಿ ನಾವು ಮನೆ ಮಾಡಿದ ಹೊಸತರಲ್ಲಿ, ಮಗಳ ಬಾಣಂತನಕ್ಕೆಂದು ಶಿರಸಿಯ ಕಡೆ ಹೋಗಿದ್ದೆ. ಒಂದು ಬೆಳಿಗ್ಗೆ ಅಂಗಳದ ಮಂದಾರದ ಮೇಲೆ ಅದು ಬಂದು ಕುಳಿತಿತು. ಕರಿಯದೇ, ಆದರೆ ಕೊಕ್ಕು ನನ್ನ ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಕುಡುಗೋಲಿನ ಹಾಗೆ ಬಾಗಿದ್ದು. ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಕೈ ಹಾಗೆಯೇ ನಿಂತಿತು. ಒಳಗೆ ಹೋಗಿ ಸಾಹೇಬರಿಗೆ ಬರೆಯಲು ಒಂದು ಅಂಚೆ ಕಾರ್ಡು ತೆಗೆದುಕೊಂಡೆ. ಕಂಡದ್ದನ್ನೆಲ್ಲ ಬರೆದು ಮುಗಿಸಿ, ವಿಳಾಸದ ಮಗ್ಗುಲಿಗೆ ತಿರುವಿ, ಮೇಲೆ ಯಾವ ಊರು ಬರೆಯಬೇಕೆಂದು ತಿಳಿಯದೆ ಕುಳಿತೆ.